ಚೀನದ ಸಾಮೂ ಕ್ರೀಡಾಂಗಣದ ಸೇವೆಯೂ

ಕಳೆದ ಶ್ರಾವಣದ ಒಂದು ಸಂಜೆ, ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಲ್ಲಿ ನಾವು ಜಗಲಿಯ ಮೇಲೆ ಕುಳಿತಿದ್ದೆವು. ರಾಗಿಯ ಹೊಲದಲ್ಲಿ ಕಳೆ ತೆಗೆಸಿ ಹಿಂದಿರುಗುತ್ತಿದ್ದ ನೆರೆಯ ಗೃಹಸ್ಥರೊಬ್ಬರು ನಮ್ಮನ್ನು ಕಂಡು, ಕೈಕಾಲು ತೊಳೆದುಕೊಂಡು ಬಂದು, ಎದುರಿಗೆ ಕುಳಿತರು. ಮಳೆ ಬೆಳೆಗಳ ಮಾತು ಮುಗಿದ ಮೇಲೆ ಅವರು ತಮ್ಮ ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕಿದರು.

“ಮೇಷ್ಟ್ರೇ, ಒಂದು ಲೆಕ್ಕ ಬಿಡಿಸಿ ಹೇಳಿ. ನಮ್ಮ ಹುಡುಗ ಅದೇನೋ ಚೀನಾ ದೇಶದ ಸಾಮು ಕಲೀತೀನಿ ಅಂತ ಹಟ ಹಿಡಿದವ್ನೆ. ಅದಕ್ಕೆ ತಿಂಗಳು ತಿಂಗಳು ನಾವು ದುಡ್ಡು ಕಟ್ಟಬೇಕು. ಹೋಬಳಿ ಆಟಕ್ಕೆ ಹಗ್ಗ ಹಿಡಿಯೋಕೆ, ನೀರು ಹೊರೋಕೆ ಹೋಗ್ತಾನಂತೆ. ಅಲ್ಲಿ ಅವನಿಗೆ ಒಂದು ಕಾಸೂ ಕೊಡೋರಿಲ್ಲ. ಹೊಡೆದಾಡೋದು ಕಲಿಯೋಕೆ ನಾವು ಕೊಡಬೇಕು, ದುಡಿದಿದ್ದಕ್ಕೆ ನಮಗೆ ಯಾರೂ ಕೊಡಂಗಿಲ್ಲ. ಇದ್ಯಾವ ಲೆಕ್ಕ?”

ಮೂವತ್ತು ವರ್ಷಕ್ಕೂ ಮಿಕ್ಕು ಪಾಠ ಹೇಳಿದ ನಮಗೆ ಆ ಕ್ಷಣದಲ್ಲಿ ಉತ್ತರವು ಹೊಳೆಯಲಿಲ್ಲ. “ಯೋಚಿಸಿ ಹೇಳುತ್ತೇವೆ” ಎಂದು ಅವರನ್ನು ಕಳುಹಿಸಿಕೊಟ್ಟೆವು. ಆದರೆ ಈ ಪ್ರಶ್ನೆಯು ಅವರೊಬ್ಬರದೇ ಅಲ್ಲ. ಇಂದು ಪಟ್ಟಣಗಳಲ್ಲಿಯೂ ಹೋಬಳಿಯ ಊರುಗಳಲ್ಲಿಯೂ ಮಕ್ಕಳು ಕುಂಗ್‌ಫೂ, ಕರಾಟೆ, ವುಷು ಎಂಬ ಹೆಸರುಗಳನ್ನು ಹೇಳಿಕೊಂಡು ಮನೆಗೆ ಬರುತ್ತಾರೆ. ಶಾಲೆಯ ಕ್ರೀಡಾಕೂಟಗಳು ಬಂದಾಗ ಎದೆಗೆ ಒಂದು ಬಿಲ್ಲೆಯನ್ನು ಸಿಕ್ಕಿಸಿಕೊಂಡು ಸ್ವಯಂಸೇವಕರಾಗಿ ನಿಲ್ಲುತ್ತಾರೆ. ಇವೆರಡನ್ನೂ ಕುರಿತು ತಂದೆತಾಯಿಗಳು ತಿಳಿದಿರಬೇಕಾದ ಸಂಗತಿಗಳುಂಟು. ಅವುಗಳನ್ನು ಓದಿ, ಕೇಳಿ, ನಮ್ಮ ತಪ್ಪಿನಿಂದಲೂ ಕಲಿತು, ನಾವು ಕಂಡುಕೊಂಡ ಉತ್ತರವನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಮೊದಲು ಚೀನದ ಸಾಮಿನ ವಿಚಾರ. ಕುಂಗ್‌ಫೂ ಎಂಬ ಮಾತಿಗೆ ಚೀನೀ ಭಾಷೆಯಲ್ಲಿ ಹೊಡೆದಾಟವೆಂಬ ಅರ್ಥವಿಲ್ಲ. ಬಹುಕಾಲ ಶ್ರಮಪಟ್ಟು ಸಂಪಾದಿಸಿದ ಯಾವ ಕೌಶಲಕ್ಕಾದರೂ ಆ ಹೆಸರು ಸಲ್ಲುತ್ತದೆ. ಅಡಿಗೆಯವನದೂ ಕುಂಗ್‌ಫೂ, ಸುಂದರವಾಗಿ ಬರೆಯುವವನದೂ ಕುಂಗ್‌ಫೂ. ಯುದ್ಧಕಲೆಗೆ ಅಲ್ಲಿನ ಸರಿಯಾದ ಹೆಸರು ವುಷು. ‘ವು’ ಎಂದರೆ ಯುದ್ಧಕ್ಕೆ ಸಂಬಂಧಪಟ್ಟದ್ದು, ‘ಷು’ ಎಂದರೆ ಕಲೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಸಮಗ್ರ ಶಿಕ್ಷಾ ಯೋಜನೆಯಡಿ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಆತ್ಮರಕ್ಷಣೆಯ ತರಬೇತಿಯಲ್ಲಿ ಹೇಳಿಕೊಡುವ ಕರಾಟೆಯೂ ಈ ವಂಶದಿಂದ ದೂರವಾದುದಲ್ಲ. ಅದು ಓಕಿನಾವಾ ದ್ವೀಪದಲ್ಲಿ ಬೆಳೆದ ವಿದ್ಯೆ. ಆ ಹೆಸರನ್ನು ಹಿಂದೆ ಬರೆಯುತ್ತಿದ್ದ ಅಕ್ಷರಗಳಿಗೆ ‘ಚೀನದ ಕೈ’ ಎಂದೇ ಅರ್ಥವಾಗುತ್ತಿದ್ದಿತು. 1930ರ ದಶಕದಲ್ಲಿ ಆಚಾರ್ಯರು ಅಕ್ಷರವನ್ನು ಬದಲಾಯಿಸಿ ‘ಬರಿಗೈ’ ಎಂಬ ಅರ್ಥವು ಬರುವಂತೆ ಮಾಡಿದರು. ಉಚ್ಚಾರಣೆ ಮಾತ್ರ ಹಾಗೆಯೇ ಉಳಿಯಿತು.

ಈ ವಿದ್ಯೆಯ ಮೂಲವನ್ನು ಕೇಳಿದರೆ ನಮ್ಮವರಲ್ಲಿ ಅನೇಕರು ಎದೆಯುಬ್ಬಿಸಿ, ದಕ್ಷಿಣ ಭಾರತದಿಂದ ಹೋದ ಬೋಧಿಧರ್ಮನೇ ಇದನ್ನು ಚೀನೀಯರಿಗೆ ಕಲಿಸಿದನೆಂದು ಹೇಳುವುದುಂಟು. ನಾವೂ ಬಹುಕಾಲ ತರಗತಿಯಲ್ಲಿ ಹಾಗೆಯೇ ಹೇಳಿದವರು. ವಿಚಾರಮಾಡಿ ನೋಡಿದಾಗ ಆ ಮಾತು ನಿಲ್ಲುವುದಿಲ್ಲ. ಷಾವೊಲಿನ್ ವಿಹಾರವು 495ರಲ್ಲಿ ಭಾರತದಿಂದ ಹೋದ ಭಿಕ್ಷುವೊಬ್ಬನಿಗಾಗಿ ಸ್ಥಾಪಿತವಾದುದು ನಿಜ. ಆದರೆ ಆತನು ಬೋಧಿಧರ್ಮನಲ್ಲ. 621ರಲ್ಲಿ ಆ ವಿಹಾರದ ಭಿಕ್ಷುಗಳು, ಮುಂದೆ ಟಾಂಗ್ ವಂಶದ ಚಕ್ರವರ್ತಿಯಾದ ಲೀ ಷಿಮಿನ್‌ಗೆ ಯುದ್ಧದಲ್ಲಿ ನೆರವಾದುದಕ್ಕೆ 728ರ ಶಿಲಾಶಾಸನವೇ ಸಾಕ್ಷಿಯಾಗಿದೆ. ಬೋಧಿಧರ್ಮನು ಅಂಗಸಾಧನೆಯನ್ನು ಕಲಿಸಿದನೆಂಬ ಕಥೆಯಾದರೋ 17ನೆಯ ಶತಮಾನದ ಒಂದು ಗ್ರಂಥದಿಂದ ಹರಡಿದುದೆಂದು ವಿದ್ವಾಂಸರು ತೋರಿಸಿದ್ದಾರೆ. ಚೀನದವರೇ ಆದ ಟಾಂಗ್ ಹಾವೊ ಎಂಬ ಪಂಡಿತರು 1930ರ ದಶಕದಲ್ಲಿಯೇ ಈ ಕಟ್ಟುಕಥೆಯನ್ನು ಬಯಲಿಗೆಳೆದರು. ಇಲ್ಲದ ಹಿರಿಮೆಯನ್ನು ಮಕ್ಕಳಿಗೆ ಹೇಳಿ ಫಲವೇನು? ಇರುವ ಹಿರಿಮೆಯೇ ನಮಗೆ ಬೇಕಾದಷ್ಟುಂಟು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಪ್ರಕರಣವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗನುಸಾರವಾಗಿ ವಿಂಗಡಿಸುವ ಕ್ರಮವೂ ಅವರ ಆಹಾರ ಅಭ್ಯಾಸಗಳ ವಿವರವೂ ಅದರಲ್ಲಿ ಬರುತ್ತವೆ. ಅಷ್ಟು ಹಿಂದಕ್ಕೆ ಹೋಗುವುದೇತಕ್ಕೆ? ನಮ್ಮ ನೆರೆಯ ಚನ್ನಪಟ್ಟಣವನ್ನೇ ನೋಡಿರಿ. ಮೈಸೂರಿನ ಅರಮನೆಯಲ್ಲಿ ವಿಜಯದಶಮಿಯ ಬೆಳಗ್ಗೆ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚಾಮರಾಜನಗರಗಳ ಜಟ್ಟಿಗಳೊಂದಿಗೆ ಚನ್ನಪಟ್ಟಣದ ಜಟ್ಟಿಗಳೂ ಇಳಿಯುವುದು ವಾಡಿಕೆ. ತಲೆ ಬೋಳಿಸಿಕೊಂಡು, ಬಲಗೈಗೆ ಮುಳ್ಳಿನ ವಜ್ರಮುಷ್ಟಿಯನ್ನು ಧರಿಸಿ, ಅವರು ಎದುರಾಗುವ ನೋಟವು ಭಯಂಕರವಾದುದು. ಆದರೆ ಆ ಕಾಳಗದ ನಿಯಮವನ್ನು ಗಮನಿಸತಕ್ಕದ್ದು. ಎದುರಾಳಿಯ ತಲೆಯಲ್ಲಿ ರಕ್ತದ ಮೊದಲ ಹನಿ ಕಾಣಿಸಿದೊಡನೆ ಕಾಳಗವು ನಿಲ್ಲುತ್ತದೆ. ಕೆಲವೇ ಕ್ಷಣಗಳ ಕಾಳಗ. ಅದಕ್ಕಾಗಿ ತಿಂಗಳುಗಟ್ಟಲೆ ವ್ರತನಿಯಮ. ನೋವಾದ ಮೈಯನ್ನು ತಿಕ್ಕಿ, ಮದ್ದು ಸವರಿ ವಾಸಿಮಾಡುವುದು ಕೂಡ ಜಟ್ಟಿಗಳ ಕುಲವಿದ್ಯೆಯಾಗಿದ್ದಿತೆಂಬುದು ಮರೆಯತಕ್ಕ ಸಂಗತಿಯಲ್ಲ.

ಹೊಡೆಯುವುದನ್ನು ಕಲಿಸುವುದು ಸುಲಭ, ನಿಲ್ಲಿಸುವುದನ್ನು ಕಲಿಸುವುದು ಕಷ್ಟ. ನಮ್ಮ ಗರಡಿಗಳೂ ಚೀನದ ಹಳೆಯ ಪಾಠಶಾಲೆಗಳೂ ಈ ಎರಡನೆಯ ಪಾಠಕ್ಕೇ ಹೆಚ್ಚು ಕಾಲವನ್ನು ಕೊಡುತ್ತಿದ್ದುವು. ಗರಡಿಗೆ ಸೇರಿದ ಹುಡುಗನು ಮೊದಲ ದಿನವೇ ಪಟ್ಟು ಕಲಿಯುತ್ತಿರಲಿಲ್ಲ. ಮಟ್ಟಿಯ ಕೆಮ್ಮಣ್ಣನ್ನು ಅಗೆದು, ಜರಡಿಯಾಡಿ, ಎಣ್ಣೆ ಮಜ್ಜಿಗೆ ಅರಿಸಿನಗಳನ್ನು ಬೆರೆಸಿ ಹದಮಾಡಬೇಕು. ಹಿರಿಯ ಪೈಲ್ವಾನರ ಮೈಗೆ ಎಣ್ಣೆ ಒತ್ತಬೇಕು. ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಕ್ಕೆ ಅಡಿಯಿಡಬೇಕು. ಬಳಿಕ ದಂಡ, ಬಸ್ಕಿ, ಗದೆ. ಅದಾದ ಮೇಲೆ ಪಟ್ಟು. ವಸ್ತಾದರ ಮಾತಿಗೆ ಎದುರು ಮಾತಿಲ್ಲ. ಚೀನದಲ್ಲಿ ಇಂಥ ಗುರುವನ್ನು ಶಿಫು ಎನ್ನುತ್ತಾರೆ. ಅದನ್ನು ಬರೆಯುವ ಎರಡು ಅಕ್ಷರಗಳಲ್ಲಿ ಒಂದು ಗುರುವೆಂಬುದು, ಮತ್ತೊಂದು ತಂದೆಯೆಂಬುದು. ಅಲ್ಲಿನ ಶಿಷ್ಯನು ಅಭ್ಯಾಸಕ್ಕೆ ಮೊದಲು ಬಲಮುಷ್ಟಿಯನ್ನು ಎಡ ಅಂಗೈಯಿಂದ ಮುಚ್ಚಿ ವಂದಿಸುತ್ತಾನೆ. ಮುಷ್ಟಿಯೇನೋ ಉಂಟು, ಆದರೆ ಅದರ ಮೇಲೆ ತೆರೆದ ಕೈಯ ಕಾವಲುಂಟು ಎಂದು ಆ ವಂದನೆಯನ್ನು ನಾವು ಅರ್ಥಮಾಡಿಕೊಂಡಿದ್ದೇವೆ.

ಗುರುವಿನಿಂದ ಒಬ್ಬಿಬ್ಬರು ಶಿಷ್ಯರಿಗೆ ಗುಟ್ಟಾಗಿ ಇಳಿದುಬರುತ್ತಿದ್ದ ಈ ವಿದ್ಯೆಯು ಸಾರ್ವಜನಿಕರಿಗೆ ತೆರೆದುದು ಇತ್ತೀಚಿನ ಮಾತು. 1910ರಲ್ಲಿ ಷಾಂಘೈ ನಗರದಲ್ಲಿ ಹುಟ್ಟಿದ ಜಿಂಗ್‌ವು ಸಂಘವು ಅಂಗಡಿಯವರಿಗೂ ಗುಮಾಸ್ತರಿಗೂ ವಿದ್ಯಾರ್ಥಿಗಳಿಗೂ ಕೊನೆಗೆ ಹೆಂಗಸರಿಗೂ ಪಾಠವನ್ನು ಆರಂಭಿಸಿತು. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಸರ್ಕಾರದ ಕೇಂದ್ರ ಸಂಸ್ಥೆಯು ಸ್ಥಾಪಿತವಾಯಿತು. 1936ರ ಬರ್ಲಿನ್ ಒಲಿಂಪಿಕ್ ಕ್ರೀಡೆಗಳ ಸಮಯದಲ್ಲಿ ಚೀನದ ತಂಡವು ಅಲ್ಲಿ ವುಷುವನ್ನು ಪ್ರದರ್ಶಿಸಿತು. ಅದೇ ವರ್ಷ ಅದೇ ನಗರದಲ್ಲಿ ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳಿಯವರು ನಮ್ಮ ಮಲ್ಲಕಂಬವೇ ಮೊದಲಾದ ದೇಶೀಯ ವ್ಯಾಯಾಮಗಳನ್ನು ಮೆರೆಸಿದರೆಂಬುದು ಸಂತೋಷದ ವಿಷಯ. 1990ರಿಂದ ವುಷು ಏಷ್ಯನ್ ಕ್ರೀಡೆಗಳಲ್ಲಿ ಸ್ಥಾನ ಪಡೆದಿದೆ. ಅದರಲ್ಲಿ ಎರಡು ಕವಲುಗಳು: ಗೊತ್ತಾದ ಚಲನೆಗಳನ್ನು ತಪ್ಪಿಲ್ಲದೆ ಮಾಡಿತೋರಿಸುವ ತಾವೊಲು, ಎದುರಾಳಿಯೊಡನೆ ಸೆಣಸುವ ಸಾಂಡಾ. 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಮಣಿಪುರದ ರೋಶಿಬಿನಾ ದೇವಿಯವರು ಸಾಂಡಾದಲ್ಲಿ ಬೆಳ್ಳಿಯ ಪದಕವನ್ನು ಗೆದ್ದುದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ನೆನಪಿದ್ದೀತು.

ಇದೆಲ್ಲ ಸರಿ. ಇದನ್ನು ಕಲಿತ ಹುಡುಗನು ಸಾಧುವಾಗುವನೋ ಪುಂಡನಾಗುವನೋ ಎಂಬುದು ತಾಯಿಯ ಪ್ರಶ್ನೆ. ಇದನ್ನು ಕುರಿತು ವಿದ್ವಾಂಸರು ಪರೀಕ್ಷೆ ನಡೆಸಿದ್ದಾರೆ. ಅಮೆರಿಕದಲ್ಲಿ ಟ್ರಲ್ಸನ್ ಎಂಬುವರು 1986ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಚಿಕ್ಕದಾದರೂ ಮನನ ಮಾಡತಕ್ಕದ್ದು. ತುಂಟತನದ ಹಾದಿ ಹಿಡಿದಿದ್ದ, 13ರಿಂದ 17 ವಯಸ್ಸಿನ 34 ಹುಡುಗರನ್ನು ಅವರು ಮೂರು ಗುಂಪು ಮಾಡಿದರು. ಕೊರಿಯಾದ ಟೇಕ್ವಾಂಡೊ ವಿದ್ಯೆಯನ್ನು ಒಂದು ಗುಂಪಿಗೆ ಧ್ಯಾನ, ಗುರುಗೌರವ, ನೀತಿಯ ಮಾತುಗಳೊಡನೆ ಹಳೆಯ ಕ್ರಮದಲ್ಲಿ ಕಲಿಸಿದರು. ಎರಡನೆಯದಕ್ಕೆ ಹೊಡೆದಾಟವನ್ನು ಮಾತ್ರ ಕಲಿಸಿದರು. ಮೂರನೆಯದನ್ನು ಓಟ, ಚೆಂಡಾಟಗಳಲ್ಲಿ ತೊಡಗಿಸಿದರು. ಆರು ತಿಂಗಳಾದ ಮೇಲೆ ಮೊದಲ ಗುಂಪಿನವರ ಕೋಪವೂ ಕಳವಳವೂ ತಗ್ಗಿದ್ದುವು. ಎರಡನೆಯ ಗುಂಪಿನವರು ಮೊದಲಿಗಿಂತಲೂ ಕೆಟ್ಟಿದ್ದರು. ಮೂರನೆಯವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ನಾರ್ವೆ ದೇಶದಲ್ಲಿ 11ರಿಂದ 13 ವಯಸ್ಸಿನ 477 ಬಾಲಕರನ್ನು ಗಮನಿಸಿ 2005ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು, ಮುಷ್ಟಿಕಾಳಗ, ಕುಸ್ತಿ, ಭಾರ ಎತ್ತುವುದು, ಪೂರ್ವದೇಶಗಳ ಯುದ್ಧಕಲೆಗಳು ಇವುಗಳಿಗೆ ಸೇರಿದ ಹುಡುಗರಲ್ಲಿ ಜಗಳಗಂಟಿತನವು ಹೆಚ್ಚಿತೆಂದು ಎಚ್ಚರಿಸುತ್ತದೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಮಗೆ ತೋರುವುದಿಷ್ಟು: ವಿದ್ಯೆಯ ಹೆಸರನ್ನು ನೋಡಿ ಮಗುವನ್ನು ಕಳುಹಿಸಬಾರದು. ಕಲಿಸುವವನನ್ನೂ ಕಲಿಸುವ ಕ್ರಮವನ್ನೂ ನೋಡಿ ಕಳುಹಿಸಬೇಕು.

ಇದಕ್ಕೆ ನಮ್ಮ ಕಣ್ಣೆದುರಿಗೇ ನಡೆದ ಒಂದು ನಿದರ್ಶನವುಂಟು. ನಾವು ಕೆಲಸದಲ್ಲಿದ್ದ ಕೊನೆಯ ವರ್ಷಗಳಲ್ಲಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ತರುಣನೊಬ್ಬನು ಭಾನುವಾರಗಳಲ್ಲಿ ಊರಿಗೆ ಬಂದು ಹುಡುಗರಿಗೆ ಕುಂಗ್‌ಫೂ ಹೇಳಿಕೊಡಲು ಆರಂಭಿಸಿದ್ದನು. ಎರಡು ತಿಂಗಳಾಗಿರಲಿಲ್ಲ, ಅವನ ಶಿಷ್ಯರಲ್ಲೊಬ್ಬ ಹುಡುಗನು ಗೋಲಿಯಾಟದ ಜಗಳದಲ್ಲಿ ಜೊತೆಯವನ ಮೊಣಕಾಲಿಗೆ ಒದ್ದು ಹದಿನೈದು ದಿನ ಮಲಗುವಂತೆ ಮಾಡಿದನು. ಒದೆಸಿಕೊಂಡವನ ತಾಯಿ ಅಳುತ್ತ ನಮ್ಮಲ್ಲಿಗೆ ಬಂದಳು. ನಾವು ಆ ತರುಣನನ್ನು ಕರೆಯಿಸಿ ವಿಚಾರಿಸಿದೆವು. ಅವನು ಕೆಟ್ಟವನಲ್ಲ. ಸಿನಿಮಾದಲ್ಲಿ ಕಂಡ ಒದೆತಗಳನ್ನೇ ಹುಡುಗರು ಕೇಳುತ್ತಿದ್ದರು. ಕೇಳಿದುದನ್ನು ಅವನು ಕಲಿಸುತ್ತಿದ್ದನು. “ನಿನ್ನ ಗುರು ನಿನಗೆ ಮೊದಲು ಏನನ್ನು ಕಲಿಸಿದನಪ್ಪಾ?” ಎಂದು ಕೇಳಿದೆವು. ಅವನು ತುಸು ಹೊತ್ತು ಸುಮ್ಮನಿದ್ದು, “ಮೂರು ತಿಂಗಳು ಬರೀ ನಿಲ್ಲಿಸಿದ್ದರು ಸಾರ್” ಎಂದನು.

ಕುದುರೆಯ ಮೇಲೆ ಕುಳಿತವನಂತೆ ಮೊಣಕಾಲುಗಳನ್ನು ಬಗ್ಗಿಸಿ ಅಲುಗಾಡದೆ ನಿಲ್ಲುವ ಆ ಸ್ಥಿತಿಗೆ ಚೀನೀಯರು ಮಾಬು ಎನ್ನುತ್ತಾರೆ. ಮರುವಾರದಿಂದ ಅವನು ಪಾಠವನ್ನು ಮೊದಲಿನಿಂದ ತೊಡಗಿದನು. ನೆಲ ಗುಡಿಸುವುದು, ವಂದನೆ, ನಿಲ್ಲುವುದು, ಪೆಟ್ಟಾಗದಂತೆ ಬೀಳುವುದು ಇಷ್ಟೇ ಪಾಠ. ಅರ್ಧಕ್ಕರ್ಧ ಹುಡುಗರು ಬೇಸತ್ತು ಬಿಟ್ಟುಹೋದರು. ಒದ್ದ ಹುಡುಗನು ಮಾತ್ರ, ತಂದೆಯ ಭಯದಿಂದಲೋ ನಾಚಿಕೆಯಿಂದಲೋ, ಉಳಿದುಕೊಂಡನು. ಅವನ ಕಥೆಗೆ ಮುಂದೆ ಬರುತ್ತೇವೆ.

ಈಗ ಸ್ವಯಂಸೇವೆಯ ವಿಚಾರ. ಪ್ರತಿಫಲವಿಲ್ಲದೆ ಹತ್ತು ಮಂದಿಯ ಕೆಲಸಕ್ಕೆ ನಿಲ್ಲುವುದು ಕನ್ನಡ ನಾಡಿಗೆ ಹೊಸದಲ್ಲ. ಜಾತ್ರೆಯ ತೇರಿಗೆ ಮಿಣಿ ಹಿಡಿಯುವವರೂ ಅರವಟ್ಟಿಗೆಯಲ್ಲಿ ನೀರು ಮಜ್ಜಿಗೆ ಕೊಡುವವರೂ ಕೂಲಿ ಕೇಳಿದವರಲ್ಲ. ಈ ಸ್ವಭಾವಕ್ಕೆ ಶಿಸ್ತಿನ ರೂಪವನ್ನು ಕೊಟ್ಟವರು ನಮ್ಮವರೇ ಆದ ಡಾಕ್ಟರ್ ನಾ. ಸು. ಹರ್ಡೀಕರರು. 1923ರಲ್ಲಿ ಅವರು ಹುಟ್ಟುಹಾಕಿದ ಹಿಂದೂಸ್ತಾನೀ ಸೇವಾದಳವು ತರುಣರಿಗೆ ಕವಾಯತನ್ನೂ ಸೇವೆಯನ್ನೂ ಜೊತೆಜೊತೆಗೆ ಕಲಿಸಿತು. 1924ರ ಡಿಸೆಂಬರಿನಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಅವರ ಸ್ವಯಂಸೇವಕರು ದುಡಿದರು. ಮೈಯನ್ನು ಹುರಿಮಾಡಿಕೊಳ್ಳುವುದೂ ಅದನ್ನು ಪರರ ಕೆಲಸಕ್ಕೆ ಒಡ್ಡುವುದೂ ಒಂದೇ ಶಿಕ್ಷಣದ ಎರಡು ಭಾಗಗಳೆಂದು ಹರ್ಡೀಕರರು ಕಂಡಿದ್ದರು.

ಇಂದು ಜಗತ್ತಿನ ದೊಡ್ಡ ಕ್ರೀಡಾಕೂಟಗಳು ನಡೆಯುವುದೇ ಇಂಥವರಿಂದ. 2008ರ ಬೀಜಿಂಗ್ ಒಲಿಂಪಿಕ್ಸ್ ಮತ್ತು ಅದರ ಹಿಂದೆಯೇ ನಡೆದ ಪ್ಯಾರಾಲಿಂಪಿಕ್ಸ್‌ಗಳಿಗೆ ಒಟ್ಟು ಸುಮಾರು 1 ಲಕ್ಷ ಮಂದಿ ಸ್ವಯಂಸೇವಕರಿದ್ದರು. 2012ರಲ್ಲಿ ಲಂಡನ್ನಿನಲ್ಲಿ 70,000 ಸ್ಥಾನಗಳಿಗೆ 2 ಲಕ್ಷ 40 ಸಾವಿರಕ್ಕೂ ಮಿಕ್ಕ ಜನರು ಅರ್ಜಿ ಹಾಕಿಕೊಂಡರು. ಕೂಲಿಯಿಲ್ಲದ ಕೆಲಸಕ್ಕೆ ಇಷ್ಟು ನೂಕುನುಗ್ಗಲೇಕೆ? ಕೆನಡಾದ ಫ್ಯಾರೆಲ್ ಮೊದಲಾದ ಮೂವರು ವಿದ್ವಾಂಸರು ಇದನ್ನು ವಿಚಾರಿಸಿದರು. ಮಂಜುಗಡ್ಡೆಯ ಮೇಲೆ ನುಣುಪಾದ ಕಲ್ಲನ್ನು ಜಾರಿಸುವ ಕರ್ಲಿಂಗ್ ಎಂಬ ಆಟದಲ್ಲಿ ಆ ದೇಶದ ಮಹಿಳೆಯರ ಸ್ಪರ್ಧೆಯು 1996ರಲ್ಲಿ ನಡೆದಾಗ, ಅಲ್ಲಿ ದುಡಿದ ಸ್ವಯಂಸೇವಕರನ್ನು ಪ್ರಶ್ನಿಸಿ, 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಾರ್ಯವು ಚೆನ್ನಾಗಿ ನಡೆಯಲಿ, ಅದರಲ್ಲಿ ನನ್ನದೂ ಒಂದು ಕೈ ಇರಲಿ ಎಂಬ ಆಸೆಯೇ ಅವರಲ್ಲಿ ಮುಖ್ಯವಾಗಿತ್ತು; ನಾಲ್ಕು ಜನರೊಡನೆ ಬೆರೆಯುವ ಆಸೆಯೂ ಇತ್ತು. ಆದರೆ ಅವರು ತೃಪ್ತರಾಗಿ ಮನೆಗೆ ಹೋಗುವುದು ಆಸೆಯೊಂದರಿಂದಲೇ ಆಗಲಿಲ್ಲ. ಕೂಟದ ವ್ಯವಸ್ಥೆ ಹೇಗಿತ್ತು, ಮಾಡಬೇಕಾದುದನ್ನು ಅವರಿಗೆ ಸರಿಯಾಗಿ ತಿಳಿಸಿದರೋ ಇಲ್ಲವೋ, ಒಬ್ಬೊಬ್ಬರನ್ನೂ ಗುರುತಿಸಿ ಒಳ್ಳೆಯ ಮಾತನಾಡಿದರೋ ಇಲ್ಲವೋ, ಇವೂ ಅದಕ್ಕೆ ಕಾರಣವಾದುವು.

ಈ ಮಾತನ್ನು ಓದಿದಾಗ ನಮಗೆ ತಲೆತಗ್ಗಿಸುವಂತಾಯಿತು. ಕಾರಣವನ್ನು ಮುಚ್ಚಿಡದೆ ಹೇಳುತ್ತೇವೆ. ಬಹಳ ವರ್ಷಗಳ ಹಿಂದೆ ಒಂದು ಕ್ರೀಡಾಕೂಟದಲ್ಲಿ ಸ್ವಯಂಸೇವಕರ ಉಸ್ತುವಾರಿ ನಮ್ಮ ಪಾಲಿಗೆ ಬಂದಿತ್ತು. ಹಿಂದಿನ ದಿನ ತರಗತಿಯಲ್ಲಿ ಗೀತೆಯ ಲೋಕಸಂಗ್ರಹವನ್ನೂ ನಿಷ್ಕಾಮಕರ್ಮವನ್ನೂ ಕುರಿತು ಒಂದು ಗಂಟೆ ಉಪನ್ಯಾಸ ಮಾಡಿ, ಇಪ್ಪತ್ತು ಮಕ್ಕಳನ್ನು ಆರಿಸಿದೆವು. ಬೆಳಗ್ಗೆ ಎಂಟು ಗಂಟೆಗೆ ಅವರು ಬಯಲಿಗೆ ಬಂದು ಸುಣ್ಣದ ಗೆರೆ ಎಳೆದರು, ಹಗ್ಗ ಹಿಡಿದರು, ನೀರು ಹೊತ್ತರು. ಆಟಗಾರರಿಗೆ ಊಟವಾಯಿತು. ಅತಿಥಿಗಳಿಗಾಯಿತು. ಉಪಾಧ್ಯಾಯರಾದ ನಮಗೂ ಆಯಿತು. ಸ್ವಯಂಸೇವಕರಿಗೆ ಊಟವನ್ನು ಯಾರ ಲೆಕ್ಕದಲ್ಲಿಯೂ ಬರೆದಿರಲಿಲ್ಲ. ಅದನ್ನು ಬರೆಸಬೇಕಾಗಿದ್ದವರು ನಾವೇ. ಮೂರು ಗಂಟೆಯ ಹೊತ್ತಿಗೆ ಹಗ್ಗದ ಕೊನೆಯನ್ನು ಹಿಡಿದಿದ್ದ ಹುಡುಗಿಯೊಬ್ಬಳು ಬಿಸಿಲಿನಲ್ಲಿ ತಲೆತಿರುಗಿ ಬಿದ್ದಳು. ನೀರು ಚಿಮುಕಿಸಿ ನೆರಳಿಗೆ ಎತ್ತಿಕೊಂಡು ಹೋದಾಗ, ಕಣ್ಣು ತೆರೆದವಳೇ, “ಹಗ್ಗ ಬಿಟ್ಟುಬಿಟ್ಟೆ ಸಾರ್, ಬಯ್ಯಬೇಡಿ” ಎಂದಳು.

ಮರುವರ್ಷ ಸ್ವಯಂಸೇವಕರು ಬೇಕೆಂದು ಕೇಳಿದಾಗ ತರಗತಿಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಆ ಮಕ್ಕಳಿಗೆ ಸೇವಾಬುದ್ಧಿಯಿಲ್ಲವೆಂದು ಹೇಳುವ ಮುಖ ನಮಗಿರಲಿಲ್ಲ. ನಿಷ್ಕಾಮವೆಂಬುದು ಸೇವೆ ಮಾಡುವವನು ತನಗೆ ತಾನು ಹಾಕಿಕೊಳ್ಳುವ ನಿಯಮ. ಸೇವೆಯನ್ನು ಪಡೆಯುವವನು ಅದನ್ನು ಇನ್ನೊಬ್ಬರ ಮೇಲೆ ಹೇರಿದರೆ ಅದಕ್ಕೆ ಬಿಟ್ಟಿಯೆಂದು ಹೆಸರು. ಶಾಸ್ತ್ರವನ್ನು ಓದಿದ್ದ ನಮಗೆ ಈ ಭೇದವನ್ನು ತಿಳಿಸಿಕೊಡುವುದಕ್ಕೆ ಒಂದು ಮಗು ಬಿಸಿಲಿನಲ್ಲಿ ಬೀಳಬೇಕಾಯಿತು.

ಅಂದಿನಿಂದ ನಾವು ಕೆಲವು ಕಟ್ಟಳೆಗಳನ್ನು ಮಾಡಿಕೊಂಡೆವು. ಸ್ವಯಂಸೇವಕರ ಊಟವೇ ಮೊದಲು, ಆಮೇಲೆ ಅತಿಥಿಗಳದು. ಒಂದು ಗಂಟೆಗೊಮ್ಮೆ ಬಿಸಿಲಿನಲ್ಲಿರುವವರು ನೆರಳಿಗೆ, ನೆರಳಿನಲ್ಲಿರುವವರು ಬಿಸಿಲಿಗೆ. ಯಾವ ಮಗುವಿಗೆ ಯಾವ ಕೆಲಸವೆಂಬುದನ್ನು ಹಿಂದಿನ ದಿನವೇ ಹೆಸರು ಹಿಡಿದು ಹೇಳುವುದು. ಹುಷಾರು ತಪ್ಪಿದರೆ ಯಾರ ಬಳಿಗೆ ಓಡಬೇಕೆಂಬುದನ್ನೂ ಹೇಳುವುದು. ಸಂಜೆ ಬಹುಮಾನ ಕೊಡುವ ಸಮಯದಲ್ಲಿ ಗೆದ್ದವರಂತೆ ಇವರ ಹೆಸರನ್ನೂ ಒಂದೊಂದಾಗಿ ಕೂಗುವುದು. ಇದಕ್ಕೆ ಹೆಚ್ಚಾಗಿ ಬೇಕಾದುದು ಒಂದು ಕೊಳಗದ ಅನ್ನ, ಒಂದು ಹಾಳೆ ಕಾಗದ, ಅಷ್ಟೇ. ಎರಡು ವರ್ಷಗಳಲ್ಲಿ ಮಕ್ಕಳು ಮತ್ತೆ ಕೈ ಎತ್ತಿದರು.

ಕುಂಗ್‌ಫೂ ಕಲಿಯುತ್ತಿದ್ದ ಹುಡುಗರೆಲ್ಲರೂ ಕ್ರೀಡಾಕೂಟಕ್ಕೆ ಸೇವೆಗೆ ಬರತಕ್ಕದ್ದೆಂದು ಆ ತರುಣ ಗುರುವಿನೊಡನೆ ಗೊತ್ತುಮಾಡಿಕೊಂಡುದು ಇಂಥ ಒಂದು ವರ್ಷದಲ್ಲಿಯೇ. ಅವರ ಪಾಲಿಗೆ ಬಂದುದು ಕಬಡ್ಡಿಯ ಅಂಗಣದ ಕಾವಲು. ಕಬಡ್ಡಿಯೆಂದರೆ ನಮ್ಮ ಕಡೆ ಬಿಸಿ ಏರುವ ಆಟ. ಕೊನೆಯ ಪಂದ್ಯದಲ್ಲಿ ತೀರ್ಪಿನ ವಿಷಯವಾಗಿ ಎರಡೂ ಊರಿನವರು ಕೂಗಾಡಿ, ಹಗ್ಗ ದಾಟಿ ಒಳನುಗ್ಗಲು ಬಂದರು. ಆಗ ಆ ಮೊಣಕಾಲಿಗೆ ಒದ್ದಿದ್ದ ಹುಡುಗನು ಹಗ್ಗದ ಮುಂದೆ ನಿಂತಿದ್ದನು. ಅವನಿಗಿಂತ ಎರಡರಷ್ಟು ದಪ್ಪನಾದ ಒಬ್ಬನು ಅವನನ್ನು ನೂಕಿದನು. ಹುಡುಗನು ಸುಣ್ಣದ ಗೆರೆಯ ಮೇಲೆ ಬಿದ್ದನು. ಬೀಳುವುದನ್ನು ಕಲಿತಿದ್ದವನಾದುದರಿಂದ ಪೆಟ್ಟಾಗಲಿಲ್ಲ. ಎದ್ದು ಬಂದು ಮತ್ತೆ ಅದೇ ಸ್ಥಳದಲ್ಲಿ ಕಾಲೂರಿ ನಿಂತನು. ಮುಖವು ಕೆಂಪಾಗಿದ್ದಿತು, ಮುಷ್ಟಿ ಬಿಗಿದಿದ್ದಿತು. ಕೈ ಮಾತ್ರ ಮೇಲೇಳಲಿಲ್ಲ. ಅಷ್ಟರಲ್ಲಿ ಹಿರಿಯರು ಓಡಿಬಂದು ಎಲ್ಲರನ್ನೂ ಸಮಾಧಾನಪಡಿಸಿದರು. ಅವನ ಅಂಗಿಯ ಬೆನ್ನೆಲ್ಲ ಸುಣ್ಣವಾಗಿತ್ತು. ಸಂಜೆ ಅವನ ಹೆಸರನ್ನು ಕೂಗಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಚಪ್ಪಾಳೆ ತಟ್ಟಿದವನು, ಹಿಂದೆ ಇವನಿಂದ ಒದೆಸಿಕೊಂಡು ಹದಿನೈದು ದಿನ ಮಲಗಿದ್ದ ಹುಡುಗನೇ.

ಆ ಹುಡುಗನು ಅಂದು ಕಲಿತ ಪಾಠವನ್ನು ಯಾವ ಗುರುವೂ ಅಭ್ಯಾಸದ ನೆಲದ ಮೇಲೆ ಕಲಿಸಲಾರನು. ಅಲ್ಲಿ ಎದುರಾಳಿಯು ವಂದಿಸಿ ಬರುತ್ತಾನೆ, ಗುರುವು ನಿಲ್ಲೆಂದಾಗ ನಿಲ್ಲುತ್ತಾನೆ. ಕಬಡ್ಡಿಯ ಅಂಗಣದಲ್ಲಿ ನೂಕಿದವನು ವಂದಿಸಿ ಬಂದವನಲ್ಲ. ನಿಲ್ಲೆಂದು ಹೇಳುವುದಕ್ಕೆ ಹುಡುಗನ ಒಳಗಲ್ಲದೆ ಬೇರೆ ಯಾರೂ ಇರಲಿಲ್ಲ. ಸಾಮಿಗೆ ಸೇವೆಯ ಬಯಲೇ ಪರೀಕ್ಷೆಯ ಮಂದಿರವೆಂದು ನಾವು ನಂಬುವುದು ಇದರಿಂದಲೇ.

ಇದು ಹುಡುಗರಿಗೆ ಮಾತ್ರ ಸಂಬಂಧಪಟ್ಟುದೆಂದು ಮನೆಯ ಹಿರಿಯರು ಪುಟವನ್ನು ಮಗುಚಬೇಕಾಗಿಲ್ಲ. ಚೀನದ ಸಾಮಿನಲ್ಲಿಯೇ ತಾಯ್‌ಚಿ ಎಂಬ ನಿಧಾನಗತಿಯ ಕವಲೊಂದುಂಟು. 1956ರಲ್ಲಿ ಅಲ್ಲಿನ ಸರ್ಕಾರದ ಕ್ರೀಡಾ ಆಯೋಗವು ಜನಸಾಮಾನ್ಯರಿಗಾಗಿ ಅದನ್ನು 24 ಚಲನೆಗಳಿಗೆ ಇಳಿಸಿ ಸುಲಭಗೊಳಿಸಿತು. ಅಮೆರಿಕದಲ್ಲಿ 70 ವರ್ಷಕ್ಕೆ ಮೇಲ್ಪಟ್ಟ 670 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ವೃದ್ಧರಿಗೆಂದೇ ಅಳವಡಿಸಿದ ತಾಯ್‌ಚಿ ಅಭ್ಯಾಸವನ್ನು ಆರು ತಿಂಗಳು ಮಾಡಿದವರಲ್ಲಿ ಜಾರಿ ಮುಗ್ಗರಿಸಿ ಬೀಳುವುದು, ಮೈ ಚಾಚುವ ವ್ಯಾಯಾಮವನ್ನಷ್ಟೇ ಮಾಡಿದವರಿಗಿಂತ ನೂರಕ್ಕೆ 58ರಷ್ಟು ಕಡಿಮೆಯಾಯಿತು. ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯನ್ನು ನೋಡಿಕೊಂಡಿರುವ ಮನೆಗಳಿಗೆ ಈ ಸಂಖ್ಯೆಯ ಬೆಲೆ ತಿಳಿದಿರುತ್ತದೆ. ವೈದ್ಯರನ್ನು ಕೇಳಿ, ಬಲ್ಲವರ ಎದುರಿನಲ್ಲಿ ಇದನ್ನು ಕಲಿಯುವುದು ಹಿರಿಯರಿಗೂ ಹಿತವಾದೀತು.

ಇನ್ನು ಮಕ್ಕಳನ್ನು ಕಳುಹಿಸುವ ಗೃಹಸ್ಥರಿಗೆ ಎರಡು ಮಾತು. ಸಾಮಿನ ಪಾಠಕ್ಕೆ ಕಳುಹಿಸುವ ಮುನ್ನ ಒಂದು ದಿನ ಹೋಗಿ ಮೂಲೆಯಲ್ಲಿ ಕುಳಿತು ನೋಡಿರಿ. ಗುರುವು ಬೀಳುವುದನ್ನು ಮೊದಲು ಕಲಿಸುವನೋ, ಹೊಡೆಯುವುದನ್ನೋ? ಚಿಕ್ಕವರನ್ನು ದೊಡ್ಡವರೊಡನೆ ಜೋಡಿಸುವನೋ? ಸೋತವನನ್ನು ನೋಡಿ ಉಳಿದವರು ನಕ್ಕಾಗ ಅವನು ಏನು ಮಾಡುತ್ತಾನೆ? ಬಣ್ಣದ ಪಟ್ಟಿಗಳನ್ನೂ ಪ್ರಮಾಣಪತ್ರಗಳನ್ನೂ ಬೇಗಬೇಗ ಕೊಟ್ಟು ಹಣ ಕೇಳುವನೋ? ಹೆಣ್ಣುಮಕ್ಕಳಿಗೆ ಪಾಠವಾಗುವಾಗ ಮನೆಯವರು ಬಂದು ಕುಳಿತುಕೊಳ್ಳುವುದಕ್ಕೆ ಅಡ್ಡಿ ಹೇಳುವನೋ? ಅಡ್ಡಿ ಹೇಳುವ ಕಡೆಗೆ ಕಳುಹಿಸಲೇಬೇಡಿರಿ. ಕ್ರೀಡಾಕೂಟದ ಸೇವೆಗೆ ಕಳುಹಿಸುವ ಮುನ್ನ ನಡೆಸುವವರನ್ನು ಸಂಕೋಚವಿಲ್ಲದೆ ಕೇಳಿರಿ: ಊಟವೆಲ್ಲಿ, ನೆರಳೆಲ್ಲಿ, ಎಷ್ಟು ಹೊತ್ತು, ನೋಡಿಕೊಳ್ಳುವವರು ಯಾರು? ಉತ್ತರ ಸಿಕ್ಕಿದರೆ ಸಂತೋಷದಿಂದ ಕಳುಹಿಸಿರಿ.

ಈ ಮಾತುಗಳನ್ನೆಲ್ಲ ಕೂಡಿಸಿಕೊಂಡು ನಾವು ಒಂದು ವಾರದ ಮೇಲೆ ಆ ನೆರೆಯವರಿಗೆ ಲೆಕ್ಕ ಒಪ್ಪಿಸಿದೆವು. “ನೀವು ಹಣ ಕೊಡುವುದು ಹೊಡೆದಾಡುವುದನ್ನು ಕಲಿಯುವುದಕ್ಕಲ್ಲ, ಕೈಯನ್ನು ಹಿಡಿತದಲ್ಲಿಟ್ಟುಕೊಳ್ಳುವುದನ್ನು ಕಲಿಯುವುದಕ್ಕೆ. ಆ ಹಿಡಿತ ಬಂದಿದೆಯೋ ಇಲ್ಲವೋ ಎಂಬುದು ಗೊತ್ತಾಗುವುದು ಹಗ್ಗ ಹಿಡಿದು ನಿಂತಾಗ. ಅಲ್ಲಿ ಕಾಸು ಸಿಗುವುದಿಲ್ಲ, ನಿಜ. ಆದರೆ ಊಟ, ನೆರಳು, ಒಂದು ಒಳ್ಳೆಯ ಮಾತು ಇವು ಸಿಗಲೇಬೇಕು. ಅವನ್ನು ಕೇಳುವುದು ನಿಮ್ಮ ಹಕ್ಕು” ಎಂದೆವು.

ಅವರು ಗಮನವಿಟ್ಟು ಕೇಳಿ, ತಲೆದೂಗಿ, ಎದ್ದು ನಿಂತು, “ಹಂಗಾದ್ರೆ ಊಟಕ್ಕೇನು ಮಾಡವ್ರೆ ಅಂತ ಮೊದಲು ಕೇಳ್ಕೊಂಡು ಬತ್ತೀನಿ ಮೇಷ್ಟ್ರೇ” ಎಂದು ಹೊರಟುಹೋದರು.

ಹೋಬಳಿಯ ಆಟದ ದಿನ ನಾವೂ ಒಂದು ಮರದ ನೆರಳಿನಲ್ಲಿ ಕುಳಿತು ನೋಡುತ್ತಿದ್ದೆವು. ಅವರ ಮಗನು ಹಗ್ಗ ಹಿಡಿದು ನಿಂತಿದ್ದನು. ಮಧ್ಯಾಹ್ನಕ್ಕೆ ಇನ್ನೂ ಒಂದು ಗಂಟೆಯಿರುವಾಗ ಆ ಗೃಹಸ್ಥರು ಒಂದು ದೊಡ್ಡ ಕ್ಯಾನಿನ ತುಂಬ ಮಜ್ಜಿಗೆಯನ್ನು ಹೊತ್ತುಕೊಂಡು ಬಯಲಿನ ಅಂಚಿಗೆ ಬಂದರು. ಮಗನಿಗೊಬ್ಬನಿಗೇ ತಂದಿರಬಹುದೆಂದು ನಾವೆಣಿಸಿದೆವು. ಅವರು ಹಗ್ಗದ ಒಂದು ಕೊನೆಯಿಂದ ಆರಂಭಿಸಿ, ನಿಂತಿದ್ದ ಮಕ್ಕಳಿಗೆಲ್ಲ ಒಂದೊಂದು ಲೋಟ ಕೊಡುತ್ತ, ತಮ್ಮ ಮಗನ ಸರದಿ ಬಂದಾಗ ಅವನಿಗೂ ಒಂದು ಲೋಟ ಕೊಟ್ಟು, ಮುಂದಕ್ಕೆ ನಡೆದರು.